ಕಾಯ್ದಿರಿಸದವರ ಪಾಲು

ನಮ್ಮ ಅಳಿಯ ಒಳ್ಳೆಯವರು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಅವರೊಂದಿಗೆ ಜಗಳವಾಡಲಿದ್ದೇನೆ. ಅತ್ತೆ-ಅಳಿಯನ ಜಗಳ ನಮ್ಮ ಕಡೆ ಬಾಯಿಬಿಟ್ಟು ಆಡುವಂಥದಲ್ಲ. ಕಾಫಿ ಲೋಟವನ್ನು ಒಂದಿಷ್ಟು ಜೋರಾಗಿ ಕುಕ್ಕಿ ಇಟ್ಟರೆ ಮುಗಿಯಿತು. ಅಂದು ಲೋಟ ಕುಕ್ಕಿ ಸುಮ್ಮನಾದೆ. ಅಂದು ಆಡದೆ ಉಳಿದದ್ದನ್ನು ಇಂದು ಬರೆಯುತ್ತಿದ್ದೇನೆ.

2024ರ ಮೇ ತಿಂಗಳಲ್ಲಿ ನಾನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಫ್ರೀಮಾಂಟ್ ಎಂಬ ಊರಿನಲ್ಲಿರುವ ಮಗಳ ಮನೆಗೆ ಹೋದೆ. ಮೊಮ್ಮಗಳಿಗೆ ಆರು ವರ್ಷ. ಜೂನಿನಿಂದ ಅವಳಿಗೆ ಬೇಸಿಗೆ ರಜೆ, ಅಪ್ಪ ಅಮ್ಮ ಇಬ್ಬರಿಗೂ ಕೆಲಸ. ಆದ್ದರಿಂದ ಅಜ್ಜಿ ಬೇಕು. ಅದಕ್ಕೆ ಮುಂಚಿನ ನಾಲ್ಕು ವರ್ಷ ನಾನು ಹಾಸಿಗೆ ಹಿಡಿದ ನನ್ನ ಅತ್ತೆಯವರನ್ನು ನೋಡಿಕೊಂಡಿದ್ದೆ. ಅದಕ್ಕಾಗಿಯೇ ಅರಸೀಕೆರೆಯ ಶಾಲೆಯಿಂದ ಅವಧಿಗೆ ಮೊದಲೇ ಸ್ವಯಂ ನಿವೃತ್ತಿ ಪಡೆದಿದ್ದೆ. ಅತ್ತೆ ತೀರಿಕೊಂಡರು, ವರ್ಷಾಬ್ದಿಕ ಮುಗಿಯಿತು, ವೀಸಾ ಬಂತು, ಹೊರಟೆ. ಒಂದು ಜವಾಬ್ದಾರಿಯಿಂದ ಇನ್ನೊಂದಕ್ಕೆ ವರ್ಗವಾದಂತೆ.

ನನಗೆ ಒಂದೇ ಒಂದು ಆಸೆ ಇತ್ತು. ಇಪ್ಪತ್ತೆಂಟು ವರ್ಷ ಸಮಾಜ ಪಾಠ ಮಾಡುತ್ತಾ, ಗೋಡೆಗೆ ತೂಗುಹಾಕಿದ ನಕ್ಷೆಯ ಮೇಲೆ ಕೋಲಿಟ್ಟು "ಇದು ರಾಕಿ ಪರ್ವತ" ಎಂದು ತೋರಿಸಿದ್ದೆ. ಆ ಕಂದು ಬಣ್ಣದ ಗೆರೆಯನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು. ಮಗಳು ಜುಲೈನಲ್ಲಿ ಹತ್ತು ದಿನ ರಜೆ ಹಾಕುತ್ತೇನೆಂದಳು. ಕಾರಿನಲ್ಲಿ ನೆವಾಡಾ, ಯೂಟಾ ದಾಟಿ ವಯೋಮಿಂಗಿಗೆ ಹೋಗಿ ಗ್ರ್ಯಾಂಡ್ ಟೀಟನ್, ಯೆಲ್ಲೋಸ್ಟೋನ್ ನೋಡಿ ಬರೋಣ, ಟೆಂಟಿನಲ್ಲಿ ಮಲಗೋಣ ಎಂದಳು. ಅಳಿಯನಿಗೆ ರಜೆ ಇರಲಿಲ್ಲ. ಅವರು ಕಂಪ್ಯೂಟರ್ ತೆರೆದು ಕುಳಿತರು. ಅರ್ಧ ಗಂಟೆಯ ನಂತರ ಮುಖ ಸಣ್ಣ ಮಾಡಿಕೊಂಡು ಹೇಳಿದರು: "ಅತ್ತೆ, ಒಂದೂ ಖಾಲಿ ಇಲ್ಲ. ಜುಲೈಗೆ ಬೇಕಾದರೆ ಜನವರಿಯಲ್ಲೇ ಬುಕ್ ಮಾಡಬೇಕಿತ್ತು. ಬುಕಿಂಗ್ ಇಲ್ಲದೆ ಮೂರು ಜನ ಹೆಂಗಸರು ಹೊರಡೋದು ಬೇಡ. ಮುಂದಿನ ವರ್ಷ ನೋಡೋಣ."

ನನ್ನ ಲೋಟ ಸದ್ದು ಮಾಡಿದ್ದು ಆಗಲೇ.

ಆ ದೇಶದ ವ್ಯವಸ್ಥೆ ಹೀಗಿದೆ. ಕೇಂದ್ರ ಸರ್ಕಾರದ ಕಾಡು, ಉದ್ಯಾನಗಳಲ್ಲಿ ಟೆಂಟ್ ಹಾಕಲು ಗುರುತುಮಾಡಿದ ಜಾಗಗಳಿವೆ. ಒಂದು ಮೇಜು, ಬೆಂಚು, ಬೆಂಕಿಗೆ ಒಂದು ಕಬ್ಬಿಣದ ಬಳೆ, ಸಮೀಪದಲ್ಲಿ ಶೌಚಾಲಯ. ಇವುಗಳಲ್ಲಿ ಹೆಚ್ಚಿನವನ್ನು ಅಂತರ್ಜಾಲದಲ್ಲಿ ಸಾಮಾನ್ಯವಾಗಿ ಆರು ತಿಂಗಳ ಮುಂಚೆ ಕಾಯ್ದಿರಿಸಲು ಬಿಡುತ್ತಾರೆ. ಯೊಸೆಮಿಟಿಯಲ್ಲಿ ಹಲವು ಜಾಗಗಳಿಗೆ ಐದು ತಿಂಗಳ ಮುಂಚೆ, ತಿಂಗಳ 15ನೇ ತಾರೀಖು ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆಯುತ್ತದೆ. ಬೇಸಿಗೆಯ ಜಾಗಗಳು ಕಾಫಿ ಆರುವ ಮೊದಲೇ ಮುಗಿದಿರುತ್ತವೆ. ಮೊದಲು ಬಂದವರಿಗೆ ಮೊದಲು ಎಂಬ ಪದ್ಧತಿಯಲ್ಲಿದ್ದ ಜಾಗಗಳೂ ಒಂದೊಂದಾಗಿ ಈ ಕಡೆ ವಾಲುತ್ತಿವೆ. ಗ್ರ್ಯಾಂಡ್ ಟೀಟನ್ ಉದ್ಯಾನ 2021ರಿಂದ ತನ್ನ ಎಲ್ಲ ಕ್ಯಾಂಪುಗಳನ್ನೂ ಕಾಯ್ದಿರಿಸುವ ಪದ್ಧತಿಗೆ ತಂದಿತು.

ಈಗ ನೀವೇ ಲೆಕ್ಕ ಹಾಕಿ. ನನ್ನಂತೆ ಮಕ್ಕಳನ್ನು ನೋಡಲು ಹೋಗುವ ತಾಯಂದಿರಿಗೆ ವಿಮಾನ ನಿಲ್ದಾಣದಲ್ಲಿ ಒತ್ತುವ ಮುದ್ರೆ ಸಾಮಾನ್ಯವಾಗಿ ಆರು ತಿಂಗಳಿನದು. ಬುಕಿಂಗೂ ಆರು ತಿಂಗಳ ಮುಂಚೆ. ಅಂದರೆ ಬಂದಿಳಿದ ದಿನವೇ ಬುಕ್ ಮಾಡಿದರೆ, ವಾಪಸು ಹೋಗುವ ದಿನಕ್ಕೆ ನಿಮಗೆ ಇಷ್ಟವಾದ ಜಾಗ ಸಿಗುತ್ತದೆ!

ಇದು ಕೇವಲ ನನ್ನ ವೀಸಾದ ವಿಷಯವಾಗಿದ್ದರೆ ಬರೆಯುತ್ತಿರಲಿಲ್ಲ. ನಾನು ಕೇಳುವುದು ಬೇರೆ ಪ್ರಶ್ನೆ. ಇವತ್ತಿನಿಂದ ಆರು ತಿಂಗಳ ನಂತರದ ಒಂದು ಶುಕ್ರವಾರ ತಾನೆಲ್ಲಿರುತ್ತೇನೆಂದು ಹೇಳಬಲ್ಲ ಹೆಣ್ಣು ಯಾರು? ನನ್ನ ಮದುವೆಯಾದ ಮೇಲೆ ನಾವು ಆರು ಬಾರಿ ಪ್ರವಾಸ ನಿಶ್ಚಯಿಸಿದ್ದೆವು. ಒಂದಕ್ಕೆ ಮಗನ ಕಾಮಾಲೆ ಅಡ್ಡ ಬಂತು. ಒಂದಕ್ಕೆ ನಾದಿನಿಯ ಹೆರಿಗೆ. ಒಂದಕ್ಕೆ ಚುನಾವಣಾ ಕರ್ತವ್ಯ. ಒಂದಕ್ಕೆ ಮಾವನವರು ಬಚ್ಚಲಲ್ಲಿ ಜಾರಿ ಬಿದ್ದರು. ಮಿಕ್ಕ ಎರಡರಲ್ಲಿ ಒಂದಕ್ಕೆ ಯಜಮಾನರೂ ಮಕ್ಕಳೂ ಹೋಗಿಬಂದರು. ನಾನು ಮನೆಯಲ್ಲಿ ಉಳಿದೆ. ಆರು ತಿಂಗಳು ಮುಂದಿನ ದಿನಗಳನ್ನು ಕಾಯ್ದಿರಿಸಬೇಕಾದರೆ ಆ ದಿನಗಳು ಮೊದಲು ನಮ್ಮವಾಗಿರಬೇಕು. ದಿನಗೂಲಿಯವಳಿಗೆ, ಪಾಳಿಯಲ್ಲಿ ದುಡಿಯುವ ದಾದಿಗೆ, ಮುದುಕರನ್ನು ನೋಡಿಕೊಳ್ಳುವವಳಿಗೆ ನಾಳೆಯೇ ತನ್ನದಲ್ಲ.

ಇದು ಬರೀ ನನ್ನ ಹೊಟ್ಟೆಯುರಿಯ ಮಾತಲ್ಲ. ಮೊಂಟಾನಾ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಐದು ರಾಷ್ಟ್ರೀಯ ಉದ್ಯಾನಗಳ ಕ್ಯಾಂಪುಗಳಿಗೆ ಬಂದವರನ್ನು ಮೊಬೈಲ್ ಫೋನುಗಳ ಜಾಡಿನಿಂದ ಗಮನಿಸಿದರು. ಕಾಯ್ದಿರಿಸಿ ಬಂದವರು, ಹಾಗೇ ಬಂದವರಿಗಿಂತ ಹೆಚ್ಚು ವರಮಾನವಿರುವ ಬಡಾವಣೆಗಳಿಂದ ಬಂದವರೆಂದು ಕಂಡುಬಂತು. ಇದರಲ್ಲಿ ಆಶ್ಚರ್ಯವೇನಿದೆ? ತಿಂಗಳುಗಳ ಮುಂಚೆ ರಜೆ ಗೊತ್ತಿರುವವರು ಯಾರು? ಹೊತ್ತಿಗೆ ಸರಿಯಾಗಿ ಕಂಪ್ಯೂಟರಿನ ಮುಂದೆ ಕೂರಬಲ್ಲವರು ಯಾರು? ಹೋಗಲಾಗದಿದ್ದರೆ ಕಟ್ಟಿದ ಹಣ ಹೋದರೂ ಹೋಗಲಿ ಎನ್ನಬಲ್ಲವರು ಯಾರು? ಯೆಲ್ಲೋಸ್ಟೋನನ್ನು 1872ರಲ್ಲಿ ಜನರ ಉಪಯೋಗಕ್ಕಾಗಿ, ಸಂತೋಷಕ್ಕಾಗಿ ಎಂದು ಕಾನೂನು ಮಾಡಿ ಕಾಪಿಟ್ಟರು. ಯಾವ ಜನರು ಎಂದು ಆ ಕಾನೂನಿನಲ್ಲಿ ವಿಂಗಡಿಸಿರಲಿಲ್ಲ.

ಅಂತೂ ಹೊರಟೆವು. ಮಗಳು ಅಳಿಯನ ಮನಸ್ಸು ಒಲಿಸಿದ್ದು ಒಂದು ನೋಟ್‌ಬುಕ್ಕಿನಿಂದ. ಬುಕಿಂಗ್ ಇಲ್ಲ ಎಂದರೆ ತಯಾರಿ ಇಲ್ಲ ಎಂದಲ್ಲ ನೋಡಿ. ಪ್ರತಿ ರಾತ್ರಿಗೂ ಅವಳು ಮೂರು ಜಾಗ ಬರೆದುಕೊಂಡಿದ್ದಳು: ಮೊದಲನೆಯದು ಸಿಗದಿದ್ದರೆ ಎರಡನೆಯದು, ಅದೂ ಸಿಗದಿದ್ದರೆ ಮೂರನೆಯದು. ಅರಣ್ಯ ಇಲಾಖೆಯ ಆಯಾ ವಲಯದ ಕಚೇರಿಗೆ ಫೋನ್ ಮಾಡಿ ಯಾವ ರಸ್ತೆ ತೆರೆದಿದೆ, ಬೆಂಕಿ ಹಚ್ಚಬಹುದೇ, ನೀರಿದೆಯೇ ಎಂದು ಕೇಳಿದಳು. ನಾನು ಗೊಜ್ಜವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಡಬ್ಬಿಗೆ ತುಂಬಿದೆ. ಮೊಮ್ಮಗಳು ಟಾರ್ಚ್ ಹಿಡಿದಳು.

ಜುಲೈ 11ರ ಗುರುವಾರ ನಸುಕಿನಲ್ಲಿ ಬಿಟ್ಟು ನೆವಾಡಾದಲ್ಲಿ 50ನೇ ನಂಬರಿನ ಹೆದ್ದಾರಿ ಹಿಡಿದೆವು. ಅಮೆರಿಕದ ಅತ್ಯಂತ ಒಂಟಿ ರಸ್ತೆ ಎಂದು 1986ರಲ್ಲಿ ಲೈಫ್ ಪತ್ರಿಕೆ ಕರೆದದ್ದು ಇದನ್ನೇ. ಆಸ್ಟಿನ್ ಎಂಬ ಪುಟ್ಟ ಊರು ದಾಟಿದ ಮೇಲೆ ಹಿಕಿಸನ್ ಎಂಬಲ್ಲಿ ಬಿ.ಎಲ್.ಎಂ. ಎಂದು ಕರೆಯುವ ಕೇಂದ್ರ ಭೂ ಇಲಾಖೆಯ ಕ್ಯಾಂಪ್ ಇದೆ. ಬುಕಿಂಗ್ ಇಲ್ಲ, ನೀರೂ ಇಲ್ಲ. ನೀರನ್ನು ನಾವೇ ಒಯ್ದಿದ್ದೆವು. ಕುಳ್ಳ ಜುನಿಪರ್ ಮರಗಳ ನಡುವೆ ಹೋದಾಗ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ. ಅಲ್ಲಿಯ ಬಂಡೆಗಳ ಮೇಲೆ ಹಿಂದಿನ ಕಾಲದ ಮೂಲನಿವಾಸಿಗಳು ಕೊರೆದ ಗೆರೆಗಳಿವೆ. ಮೊಮ್ಮಗಳು ಬೆರಳಿನಿಂದ ಗಾಳಿಯಲ್ಲೇ ಅವನ್ನು ತಿದ್ದಿದಳು. ಈ ನೆಲಕ್ಕೆ ಬಂದವರೆಲ್ಲರಿಗಿಂತ ಮೊದಲು ಬಂದವರು ಅವರು. ಅವರಿಂದ ಕಿತ್ತುಕೊಂಡ ನೆಲವನ್ನೇ ಇಂದು ಎಲ್ಲರ ನೆಲ ಎನ್ನುತ್ತಿದ್ದಾರೆ. ಹಾಗೆನ್ನುವವರು ಆ ಮಾತನ್ನಾದರೂ ಉಳಿಸಿಕೊಳ್ಳಬೇಡವೇ?

ಮರುದಿನ ಶುಕ್ರವಾರ. ನಮ್ಮ ತಪ್ಪು ಆದದ್ದು ಅಂದೇ. ವಾರದ ಕೊನೆಯ ಸಂಜೆ ತಡವಾಗಿ ತಲುಪಬಾರದೆಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದರೂ, ಸಾಲ್ಟ್ ಲೇಕ್ ಸಿಟಿಯ ಸಂದಣಿಯಲ್ಲಿ ಸಿಕ್ಕಿ, ಯೂಟಾದ ಉತ್ತರದ ಒಂದು ಕಣಿವೆಗೆ ಹೋದಾಗ ಏಳೂವರೆ. ಮೊದಲ ಕ್ಯಾಂಪ್ ಭರ್ತಿ. ಎರಡನೆಯದೂ ಭರ್ತಿ. ಮೂರನೆಯದಕ್ಕೆ ಹೋದಾಗ ಮೊಮ್ಮಗಳು ಅಳುವ ಹಂತಕ್ಕೆ ಬಂದಿದ್ದಳು. ಅಲ್ಲಿ ಪ್ರತಿ ಜಾಗಕ್ಕೂ ಒಂದು ಗೂಟ, ಗೂಟಕ್ಕೆ ಸಿಕ್ಕಿಸಿದ ಚೀಟಿ. ನಾಲ್ಕು ಜಾಗಗಳಲ್ಲಿ ಚೀಟಿ ಇತ್ತು, ಜನ ಇರಲಿಲ್ಲ. ಕ್ಯಾಂಪ್ ನೋಡಿಕೊಳ್ಳುವ ಮುದುಕನನ್ನು ಕೇಳಿದೆವು. ಆತ ಸಭ್ಯ. "ಬುಕ್ ಮಾಡಿದವರು ಬಾರದಿದ್ದರೂ ನಾಳೆ ಖಾಲಿ ಮಾಡುವ ಹೊತ್ತಿನವರೆಗೆ ಹಿಡಿದಿಡಬೇಕು, ನಿಯಮ" ಎಂದ.

ನಾಲ್ಕು ಮೇಜು, ನಾಲ್ಕು ಬೆಂಚು, ಹುಲ್ಲು ಸವರಿ ಸಮಮಾಡಿದ ನಾಲ್ಕು ನೆಲ. ಮೂರು ಜನ ಕಾರಿನಲ್ಲಿ ಕೂತು ಅವನ್ನು ನೋಡುತ್ತಿದ್ದೇವೆ. ನಾನು ಅರಸೀಕೆರೆ ಜಂಕ್ಷನ್ನಿನಲ್ಲಿ ಬೆಳೆದವಳು. ರಿಸರ್ವೇಶನ್ ಬೋಗಿಯ ಖಾಲಿ ಬರ್ತನ್ನು ಕಿಟಕಿಯಿಂದ ನೋಡುತ್ತಾ ಜನರಲ್ ಬೋಗಿಗೆ ಓಡಿದವಳು. ಆದರೆ ಒಂದು ಮಾತು ಹೇಳಬೇಕು. ನಮ್ಮ ರೈಲಿನಲ್ಲಿ ಓಡಿ ಹತ್ತಲು ಜನರಲ್ ಬೋಗಿ ಎಂಬುದೊಂದು ಇತ್ತು. ನೂಕುನುಗ್ಗಲಾದರೂ ಸರಿ, ಇವತ್ತೇ ಹೊರಟವರಿಗೆ ಇವತ್ತಿನ ರೈಲಿನಲ್ಲಿ ಪಾಲಿತ್ತು, ಈಗಲೂ ಇದೆ.

ಆಗ ಪಕ್ಕದ ಜಾಗದ ಹಳೆಯ ವ್ಯಾನಿನಿಂದ ಒಬ್ಬ ಹೆಂಗಸು ಕೈಬೀಸಿದಳು. ನನ್ನ ವಯಸ್ಸಿನವಳೇ. ತನ್ನ ಜಾಗದಲ್ಲಿ ಎರಡನೆಯ ಟೆಂಟಿಗೆ ನೆಲವಿದೆ, ಹಾಕಿಕೊಳ್ಳಿ ಎಂದಳು. ಎರಡನೆಯ ಗಾಡಿಯ ಶುಲ್ಕ ಕೊಟ್ಟು ಹಾಕಿಕೊಂಡೆವು. ರಾತ್ರಿ ಅವಲಕ್ಕಿ ತಿನ್ನುತ್ತಾ ಮಗಳ ಬಾಯಿಂದ ಮಾತನಾಡಿದೆವು. ಮರೆವಿನ ಕಾಯಿಲೆಯ ತಂದೆಯನ್ನು ಅವಳೇ ನೋಡಿಕೊಳ್ಳುತ್ತಾಳಂತೆ. ತಂಗಿ ನಾಲ್ಕು ದಿನಕ್ಕೆ ಬಂದಳಂತೆ. ಬಂದ ಮರುಗಳಿಗೆ ವ್ಯಾನ್ ಹತ್ತಿದಳಂತೆ. ಗುರುವಾರ ಬೆಳಿಗ್ಗೆಯೇ ಬಂದದ್ದರಿಂದ ಬುಕಿಂಗ್ ಇಲ್ಲದ ಕೆಲವೇ ಜಾಗಗಳಲ್ಲಿ ಒಂದು ಸಿಕ್ಕಿತಂತೆ. ನನ್ನ ಅತ್ತೆಯ ವಿಷಯ ಹೇಳಿದೆ. ಅವಳು ಏನೂ ಅನ್ನಲಿಲ್ಲ, ತಟ್ಟೆಗೆ ಇನ್ನೊಂದು ಚಮಚ ಅವಲಕ್ಕಿ ಹಾಕಿಸಿಕೊಂಡಳು. ಖಾರಕ್ಕೆ ಕಣ್ಣಲ್ಲಿ ನೀರು ಬಂದಿತ್ತು, ಅವಳಿಗೂ ನನಗೂ.

ಬೆಳಿಗ್ಗೆ ಎದ್ದು ನೋಡಿದೆ. ನಾಲ್ಕರಲ್ಲಿ ಮೂರು ಜಾಗ ಹಾಗೇ ಖಾಲಿ ಇದ್ದವು.

ಶನಿವಾರ ನಾವು ಯಾವ ಕ್ಯಾಂಪಿಗೂ ಹೋಗಲಿಲ್ಲ. ಇದು ನಮ್ಮವರಲ್ಲಿ ಬಹಳ ಜನಕ್ಕೆ ತಿಳಿಯದ ಸಂಗತಿ. ರಾಷ್ಟ್ರೀಯ ಉದ್ಯಾನ ಬೇರೆ, ರಾಷ್ಟ್ರೀಯ ಅರಣ್ಯ ಬೇರೆ. ಅರಣ್ಯ ಇಲಾಖೆಯ ಕೈಯಲ್ಲಿ ಸುಮಾರು 19 ಕೋಟಿ 30 ಲಕ್ಷ ಎಕರೆ, ಬಿ.ಎಲ್.ಎಂ. ಕೈಯಲ್ಲಿ ಸುಮಾರು 24 ಕೋಟಿ 50 ಲಕ್ಷ ಎಕರೆ ನೆಲವಿದೆ. ಬಿ.ಎಲ್.ಎಂ. ನೆಲದಲ್ಲಿ ಹೆಚ್ಚಿನ ಪಾಲು ಪಶ್ಚಿಮದ ರಾಜ್ಯಗಳಲ್ಲೇ ಇದೆ. ನಿಷೇಧ ಹಾಕಿರದ ಕಡೆ, ಗುರುತಿನ ಜಾಗವಲ್ಲದೆಯೂ ಯಾರಾದರೂ ಟೆಂಟ್ ಹಾಕಬಹುದು, ಸಾಮಾನ್ಯವಾಗಿ ಒಂದು ಕಡೆ 14 ದಿನದವರೆಗೆ. ಶುಲ್ಕವಿಲ್ಲ, ಬುಕಿಂಗ್ ಇಲ್ಲ. ನಲ್ಲಿ, ಶೌಚಾಲಯ, ಕಸದ ತೊಟ್ಟಿ ಯಾವುದೂ ಇಲ್ಲ. ಯಾವ ಮಣ್ಣುರಸ್ತೆಯಲ್ಲಿ ಗಾಡಿ ಹೋಗಬಹುದೆಂಬ ನಕ್ಷೆಯನ್ನು ವಲಯ ಕಚೇರಿಯಲ್ಲಿ ಬಿಟ್ಟಿ ಕೊಡುತ್ತಾರೆ. ವಯೋಮಿಂಗಿನ ಆಲ್ಪೈನ್ ಊರಿನಿಂದ ಗ್ರೇಸ್ ನದಿಯ ಪಕ್ಕ ಕಾಡಿನೊಳಕ್ಕೆ ಹೋಗುವ ರಸ್ತೆಯಲ್ಲಿ, ಹಿಂದಿನವರು ಟೆಂಟ್ ಹಾಕಿ ನೆಲ ಗಟ್ಟಿಯಾಗಿದ್ದ ಕಡೆಯೇ ನಾವೂ ಹಾಕಿದೆವು. ಹೊಸದಾಗಿ ಹುಲ್ಲು ತುಳಿಯಬಾರದೆಂಬುದು ಅಲ್ಲಿಯ ಪಾಠ. ಹೊಳೆಯಿಂದ 200 ಅಡಿ ದೂರ. ಶೌಚಕ್ಕೆ ಸಣ್ಣ ಸನಿಕೆಯಿಂದ ಆರೆಂಟು ಅಂಗುಲದ ಗುಂಡಿ. ನನ್ನಂಥ ಹಳ್ಳಿಯ ಮೂಲದವಳಿಗೆ ಇದೇನೂ ಹೊಸತಲ್ಲ. ಮಗಳಿಗೇ ಕಷ್ಟವಾಯಿತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆಲ್ಲ ಗ್ರ್ಯಾಂಡ್ ಟೀಟನ್ ಉದ್ಯಾನದ ಪೂರ್ವಕ್ಕೆ, ಬ್ರಿಜರ್-ಟೀಟನ್ ರಾಷ್ಟ್ರೀಯ ಅರಣ್ಯದ ಆಥರ್ಟನ್ ಕ್ರೀಕ್ ಕ್ಯಾಂಪಿಗೆ ಹೋದೆವು. ವಾರಾಂತ್ಯದವರು ಟೆಂಟ್ ಕಳಚುತ್ತಿದ್ದರು. ಗೂಟದ ಚೀಟಿಯಲ್ಲಿ ಅಂದಿನ ತಾರೀಖು ನೋಡಿ, ಸ್ವಲ್ಪ ದೂರದಲ್ಲಿ ಕಾದು, ಅವರು ಹೊರಟ ಮೇಲೆ ಜಾಗ ಹಿಡಿದೆವು. ಲಕೋಟೆಗೆ ಹಣ ಹಾಕಿ, ಕಬ್ಬಿಣದ ಕೊಳವೆಯ ಬಾಯಿಗೆ ತುರುಕಿ, ಹರಿದ ಅರ್ಧ ಚೀಟಿಯನ್ನು ಗೂಟಕ್ಕೆ ಸಿಕ್ಕಿಸಿದೆವು. ಎದುರಿಗೆ ಸರೋವರ. ಅದು ಹುಟ್ಟಿದ್ದೇ 1925ರ ಜೂನ್ 23ರಂದು, ಇಡೀ ಬೆಟ್ಟದ ಮಗ್ಗುಲು ಜಾರಿ ಗ್ರೋ ವಾಂಟ್ ನದಿಗೆ ಅಡ್ಡ ಬಿದ್ದಾಗ. ಎರಡು ವರ್ಷದ ನಂತರ ಆ ಮಣ್ಣಿನ ಕಟ್ಟೆ ಒಡೆದು ಕೆಳಗಿನ ಕೆಲ್ಲಿ ಎಂಬ ಊರು ಕೊಚ್ಚಿಹೋಯಿತು, ಆರು ಜನ ಸತ್ತರು. ಅಲ್ಲಿ ಮೂರು ರಾತ್ರಿ ಇದ್ದೆವು. ಕರಡಿಗಳ ಕಾಡಾದ್ದರಿಂದ ಚಟ್ನಿಪುಡಿಯಿಂದ ಹಲ್ಲುಜ್ಜುವ ಪೇಸ್ಟಿನವರೆಗೆ ಎಲ್ಲವನ್ನೂ ಟೆಂಟಿನಿಂದ ಹೊರತೆಗೆದು ಭದ್ರವಾಗಿ ಮುಚ್ಚಿಡಬೇಕಿತ್ತು. ಹಗಲು ಟೀಟನ್ ಶಿಖರಗಳನ್ನೂ ಯೆಲ್ಲೋಸ್ಟೋನಿನ ಬಿಸಿನೀರಿನ ಬುಗ್ಗೆಗಳನ್ನೂ ನೋಡಿ ರಾತ್ರಿಗೆ ವಾಪಸು. ನಕ್ಷೆಯ ಕಂದು ಗೆರೆ ಬೆಳಗಿನ ಬಿಸಿಲಿಗೆ ಕೆಂಪಾಗುವುದನ್ನು ಕಂಡೆ. ಬುಕಿಂಗ್ ಇಲ್ಲದೆ.

ಈಗ ಅಳಿಯನ ವಾದಕ್ಕೆ ಬರುತ್ತೇನೆ. ಅವರದೂ ಸುಳ್ಳಲ್ಲ. "ಅತ್ತೆ, ಬಂದವರಿಗೆ ಜಾಗ ಅಂತ ಬಿಟ್ಟರೆ ನಾನೂರು ಮೈಲಿ ದೂರದಿಂದ ಮಕ್ಕಳನ್ನು ಕಟ್ಟಿಕೊಂಡು ಬಂದೋರು ಏನು ಮಾಡಬೇಕು? ನಸುಕಿನಿಂದ ಕಾರುಗಳು ಸಾಲು ನಿಲ್ಲಬೇಕಾ? ಹತ್ತಿರದೋರಿಗೆ, ಬಿಡುವಿರೋರಿಗೆ ಮಾತ್ರ ಅನುಕೂಲ ಆಗಲ್ವಾ?" ಎಂದರು. ನಿಜ. ಗಾಲಿಕುರ್ಚಿಯಲ್ಲಿ ಬರುವವರಿಗೆ ಜಾಗ ಖಚಿತವಾಗಿರಲೇಬೇಕು. ಶುಕ್ರವಾರ ಸಂಜೆ ಅಳುವ ಮಗುವಿನೊಂದಿಗೆ ಅಲೆದವಳು ನಾನೇ, ಆ ಸಂಕಟ ನನಗೆ ಹೇಳಿಕೊಡಬೇಕಾಗಿಲ್ಲ. ಬುಕಿಂಗನ್ನು ಕಿತ್ತೆಸೆಯಿರಿ ಎಂದು ನಾನು ಹೇಳುತ್ತಿಲ್ಲ. ಎಲ್ಲವನ್ನೂ ಬುಕಿಂಗಿಗೆ ಕೊಡಬೇಡಿ ಎನ್ನುತ್ತಿದ್ದೇನೆ. ಪ್ರತಿ ಕ್ಯಾಂಪಿನಲ್ಲೂ ಒಂದು ಪಾಲು, ಅರ್ಧವಾಗದಿದ್ದರೆ ಮೂರರಲ್ಲೊಂದು, ಅಂದು ಬಂದವರಿಗೆ ಇರಲಿ. ಇನ್ನೊಂದು ಪಾಲನ್ನು ವಾರದ ಮುಂಚೆ ಮಾತ್ರ ತೆರೆಯಿರಿ. ರಾತ್ರಿ ಎಂಟಾದರೂ ಬಾರದವರ ಜಾಗವನ್ನು ಬಾಗಿಲಲ್ಲಿ ನಿಂತವರಿಗೆ ಕೊಡಿ. ಇದು ಆಗದ ಮಾತೇನಲ್ಲ. ನಮ್ಮ ರೈಲ್ವೆಯವರೇ ಮುಂಗಡ ಕಾಯ್ದಿರಿಸುವ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನದಿಂದ 60 ದಿನಕ್ಕೆ ಇಳಿಸಿದರು. ಬಹಳ ಮುಂಚೆ ಬುಕ್ ಮಾಡಿದವರಲ್ಲಿ ಬಹಳ ಜನ ರದ್ದು ಮಾಡುತ್ತಾರೆ, ಕೆಲವರು ಬರುವುದೇ ಇಲ್ಲ ಎಂಬುದು ಅವರು ಕೊಟ್ಟ ಕಾರಣ. ಯೂಟಾದ ಆ ಮೂರು ಖಾಲಿ ಮೇಜುಗಳು ಹೇಳಿದ್ದೂ ಅದನ್ನೇ.

ಆದರೆ ಬುಕಿಂಗ್ ಬೇಡವೆನ್ನುವ ನಮ್ಮ ಕಡೆಯವರಿಗೂ ಎರಡು ಮಾತು ಹೇಳಬೇಕು, ಮೇಷ್ಟ್ರಮ್ಮನ ಚಾಳಿ ಬಿಡದು. ಗ್ರೇಸ್ ನದಿಯ ದಾರಿಯಲ್ಲಿ ಕಲ್ಲಿನ ಸಂದಿಗಳಲ್ಲಿ ಕಾಗದ ನೋಡಿದೆ, ಸುಟ್ಟ ಡಬ್ಬಿಗಳನ್ನು ನೋಡಿದೆ. ಬಿಟ್ಟಿ ಜಾಗವೆಂದರೆ ಯಾರದೂ ಅಲ್ಲದ ಜಾಗ ಎಂದುಕೊಳ್ಳುವವರು ಎಲ್ಲ ದೇಶದಲ್ಲೂ ಇದ್ದಾರೆ. ಇಂಥವರಿಂದಲೇ ಕಾಡಿನ ರಸ್ತೆಗಳಿಗೆ ಒಂದೊಂದಾಗಿ ಅಡ್ಡಗಂಬಿ ಬೀಳುತ್ತದೆ. ನಾವು ಹೊರಡುವಾಗ ಮೊಮ್ಮಗಳಿಗೆ ಒಂದು ಚೀಲ ಕೊಟ್ಟು ನಮ್ಮದಲ್ಲದ ಕಸವನ್ನೂ ಆರಿಸಿದೆವು. ಒಣ ಬೇಸಿಗೆಯಲ್ಲಿ ಕಟ್ಟಿಗೆಯ ಬೆಂಕಿಯ ತಂಟೆಗೇ ಹೋಗಲಿಲ್ಲ, ಪುಟ್ಟ ಗ್ಯಾಸ್ ಒಲೆಯಲ್ಲೇ ಕಾಫಿ. ಕಾಯ್ದಿರಿಸದೆ ಬರುವ ಹಕ್ಕು ಬೇಕೆಂದರೆ ಬಂದುಹೋದ ಗುರುತು ಉಳಿಸದಿರುವುದೂ ನಮ್ಮ ಕೆಲಸ.

ನಮ್ಮ ಅಜ್ಜಿಯ ಮನೆಗೆ ಒಂದು ಜಗಲಿ ಇತ್ತು. ಕತ್ತಲಾದ ಮೇಲೆ ದಾರಿಹೋಕರು ಬಂದರೆ ಅಲ್ಲಿ ಮಲಗುತ್ತಿದ್ದರು. ನೀವು ಬರುತ್ತೀರೆಂದು ಮೊದಲೇ ಯಾಕೆ ತಿಳಿಸಲಿಲ್ಲ ಎಂದು ಅಜ್ಜಿ ಯಾರನ್ನೂ ಕೇಳಿದ್ದು ನನಗೆ ನೆನಪಿಲ್ಲ. ಮನೆಯೊಳಗೆ ನೆಂಟರಿಗೆ ಕೋಣೆ ಇತ್ತು, ಅವರು ಕಾಗದ ಬರೆದು ಬರುವವರು. ಜಗಲಿ ಕಾಗದ ಬರೆಯಲಾಗದವರಿಗೆ. ಎರಡೂ ಇದ್ದದ್ದರಿಂದಲೇ ಅದು ಮನೆಯಾಗಿತ್ತು. ಅಷ್ಟು ವಿಸ್ತಾರವಾದ, ಅಷ್ಟು ಶ್ರೀಮಂತವಾದ ದೇಶ ಕೋಣೆಗಳನ್ನು ಹೆಚ್ಚಿಸಿಕೊಳ್ಳುತ್ತಾ ಜಗಲಿಯನ್ನು ಕಿರಿದು ಮಾಡುತ್ತಿದೆ. ಇನ್ನು 2026ರ ಜನವರಿಯಿಂದ, ಅಲ್ಲಿ ವಾಸವಿಲ್ಲದ ನಮ್ಮಂಥವರಿಗೆ ಉದ್ಯಾನಗಳ ವಾರ್ಷಿಕ ಪಾಸು 250 ಡಾಲರ್, ಅಲ್ಲಿಯವರಿಗೆ 80. ಹೆಸರಾಂತ ಹನ್ನೊಂದು ಉದ್ಯಾನಗಳಲ್ಲಿ ಪಾಸಿಲ್ಲದ ಹೊರಗಿನವರು ತಲಾ 100 ಡಾಲರ್ ಹೆಚ್ಚಿಗೆ ಕೊಡಬೇಕು. ಕಾಡಿನ ಆ ಮಣ್ಣುರಸ್ತೆಗಳ ಬೆಲೆ ಈಗ ನನಗೆ ಇನ್ನಷ್ಟು ತಿಳಿಯುತ್ತಿದೆ.

ನವೆಂಬರಿನ ಮೊದಲ ವಾರ ನಾನು ಊರಿಗೆ ಹೊರಟೆ. ವಿಮಾನ ನಿಲ್ದಾಣದ ದಾರಿಯಲ್ಲಿ ಅಳಿಯ ಕಾರು ಓಡಿಸುತ್ತಾ ಹೇಳಿದರು: "ಅತ್ತೆ, ಮುಂದಿನ ಜುಲೈಗೆ ಯೊಸೆಮಿಟಿ ಬುಕ್ ಮಾಡ್ತೀನಿ. ಫೆಬ್ರವರಿ ಹದಿನೈದಕ್ಕೆ ಬೆಳಿಗ್ಗೆ ಏಳಕ್ಕೆ ಕೂತ್ಕೋತೀನಿ. ಬರ್ತೀನಿ ಅಂತ ಈಗ್ಲೇ ಹೇಳಿಬಿಡಿ." ಪ್ರೀತಿಯಿಂದಲೇ ಹೇಳಿದ್ದು. ಆಗಲೇ ನನ್ನ ಕೈಚೀಲದ ಫೋನಿನಲ್ಲಿ ತಂಗಿಯ ಸಂದೇಶ ಬಂದು ಕೂತಿತ್ತು: ನಮ್ಮ ತಾಯಿಗೆ ಮಂಡಿ ಆಪರೇಷನ್, ಡಿಸೆಂಬರಿನಲ್ಲಿ.

"ಈಗ ಹೇಗೆ ಹೇಳಲಿ? ಬರೋಕೆ ಆದಾಗ ಬರ್ತೀನಿ. ಬಂದಾಗ ಒಂದು ಜಾಗ ಇರೋ ಹಾಗೆ ನೋಡ್ಕೊಳ್ಳೋದು ಅವರ ಕೆಲಸ ಅಲ್ವಾ?" ಎಂದೆ.

ಅಳಿಯ ನಕ್ಕರು. ನಾನು ನಗಲಿಲ್ಲ.